ಗುಳ್ಳೆಗಳಲ್ಲಿ ಮೂಡಿದ ಹೆಬ್ಬೆರಳು

ಚಿಕ್ಕಮ್ಮ ಮತ್ತು ನಾನು ಎಲೆಕ್ಟ್ರೋಡ್ ತೊಳೆಯುತ್ತಿದ್ದೆವು. ಉಗುರಗಲದ ನಿಕ್ಕೆಲ್ ತಗಡುಗಳು. ಚಿಮಟದಲ್ಲಿ ಅಂಚು ಹಿಡಿದು ಶುದ್ಧ ನೀರಿನಲ್ಲಿ ಅದ್ದಿ ಒಣಗಲು ನಿಲ್ಲಿಸಬೇಕು. ಬೆರಳು ತಾಗಕೂಡದು. ಚಿಕ್ಕಮ್ಮನ ಚಿಮಟ ತಗಡಿನ ಪಕ್ಕದ ಗಾಳಿಯನ್ನು ಹಿಡಿಯುತ್ತಿತ್ತು. ಅವಳ ಕಣ್ಣಿಗೆ ಪೊರೆ ಬಂದಿರುವುದು ಪ್ರಯೋಗಾಲಯದಲ್ಲಿ ನನಗೊಬ್ಬಳಿಗೇ ಗೊತ್ತು. ಬೇರೆಯವರಿಗೆ ತಿಳಿದರೆ ಅವಳ ಕೆಲಸ ಹೋಗುತ್ತದೆ. ಅದಕ್ಕೇ ಅವಳ ಪಾಲಿನವನ್ನೂ ನಾನೇ ತೊಳೆಯುತ್ತಿದ್ದೆ. ಶಾಲೆ ಬಿಟ್ಟು ಮೂಲೆ ಹಿಡಿದಿದ್ದ ನನ್ನನ್ನು ಇಲ್ಲಿ ಸೇರಿಸಿದವಳು ಅವಳು.

ಅಂದು ನೀರು ತರಲು ಒಮ್ಮೆ ಎದ್ದುಹೋದೆ.

ಮಧ್ಯಾಹ್ನ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಇಬ್ಬರನ್ನೂ ಕರೆಸಿದರು. ಅವರು ತಗಡನ್ನು ದ್ರಾವಣದಲ್ಲಿಟ್ಟು ಕರೆಂಟು ಹರಿಸಿ, ಅದರ ಮೇಲೆ ಹುಟ್ಟುವ ಅನಿಲದ ಗುಳ್ಳೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಚೊಕ್ಕ ತಗಡಾದರೆ ಗುಳ್ಳೆ ಬೇಗ ಬಿಟ್ಟೇಳುತ್ತದೆ. ಅಂದು ಗುಳ್ಳೆಗಳು ಏಳದೆ ಅಂಟಿಕೊಂಡಿದ್ದವು.

"ಬಾ, ನೋಡು," ಎಂದರು ನನಗೆ.

ನೋಡಿದೆ. ಸುತ್ತಿ ಬಾಗಿದ ಗುಳ್ಳೆಗಳ ಸಾಲುಗಳು, ನಡುವೆ ಓರೆಯಾಗಿ ಒಂದು ಬರಿ ಗೀರು. ಹಿಂದೆ ಗಾಜು ಕೊಯ್ದು ಗೀರು ಉಳಿದಿದ್ದ ಚಿಕ್ಕಮ್ಮನ ಹೆಬ್ಬೆರಳಿನ ಅಚ್ಚು.

"ಯಾರ ಬೆರಳಮ್ಮ ಇದು?"

ನನ್ನ ಕಣ್ಣು ಚಿಕ್ಕಮ್ಮನ ಕೈಯತ್ತ ಹೋಯಿತು. ಮೇಡಂ ನನ್ನ ಕಣ್ಣನ್ನೇ ನೋಡುತ್ತಿದ್ದರು.

"ನೀವೂ ಒಂಚೂರು ನೋಡಿ," ಎಂದು ಚಿಕ್ಕಮ್ಮನನ್ನು ಕೂರಿಸಿದರು. ಅವಳು ಬಾಗುತ್ತಿದ್ದಂತೆ ದ್ರಾವಣದ ಬಟ್ಟಲನ್ನು ಸದ್ದಿಲ್ಲದೆ ಹೊರಗೆಳೆದರು. ಮೈಕ್ರೋಸ್ಕೋಪಿನ ಕೆಳಗೆ ಬರಿ ಬೆಳಕು. ಸುತ್ತ ನಿಂತಿದ್ದ ವಿದ್ಯಾರ್ಥಿಗಳು ನಗು ತಡೆಯಲು ಬಾಯಿ ಮುಚ್ಚಿಕೊಂಡರು.

"ಗುಳ್ಳೆ ಕಾಣ್ತಿದ್ಯಾ?"

"ಓ, ಚೆನ್ನಾಗಿ ಕಾಣ್ತಿದೆ ಮೇಡಂ. ಮುತ್ತು ಚೆಲ್ಲಿದ ಹಾಗಿದೆ."

"ದೊಡ್ಡವೋ ಚಿಕ್ಕವೋ ಅಜ್ಜಿ?" ಎಂದ ಒಬ್ಬ.

"ಎರಡೂ ಇವೆ ಕಣಪ್ಪ. ಚಿಕ್ಕವೇ ಜಾಸ್ತಿ."

ನಗು ಸಿಡಿಯಿತು. ಚಿಕ್ಕಮ್ಮನೂ ಅವರೊಂದಿಗೆ ನಕ್ಕಳು, ತಾನೇನೋ ತಮಾಷೆ ಮಾಡಿದವಳಂತೆ.

"ಅಲ್ಲಿ ಏನೂ ಇಲ್ಲಮ್ಮ," ಎಂದರು ಮೇಡಂ. "ನಾಳೆಯಿಂದ ಬರಬೇಡಿ."

ಚಿಕ್ಕಮ್ಮ ಸ್ಟೂಲಿನ ಅಂಚು ಸವರುತ್ತ ಎದ್ದಳು. ಮೇಡಂ ನನ್ನತ್ತ ತಿರುಗಿದರು. "ನಿನ್ನ ಕಣ್ಣು ನೆಟ್ಟಗಿದೆ ತಾನೇ? ಹಾಗಾದ್ರೆ ನೀನಿರು. ಇದನ್ನ ಮತ್ತೆ ತೊಳಿ, ಈಗಲೇ."

ತಲೆಯಾಡಿಸಿ ಚಿಮಟ ಕೈಗೆತ್ತಿಕೊಂಡೆ.

ಬಾಗಿಲಾಚೆ ಎಲ್ಲರ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಚಿಕ್ಕಮ್ಮ ಕಾಲಿನಿಂದ ಒಂದೊಂದನ್ನೂ ತಡಕಿದಳು. ಯಾರದೋ ಬೂಟಿನೊಳಗೆ ಕಾಲಿಟ್ಟು ತೆಗೆದಳು. ಒಳಗಿನವರು ಮತ್ತೆ ನಕ್ಕರು. ನಾನು ತಗಡಿನ ಅಂಚು ಹಿಡಿದು ನೀರಿನಲ್ಲಿ ಅದ್ದಿದೆ.

"ಮಗಳೇ," ಎಂದಳು ಅವಳು, "ನನ್ನ ಚಪ್ಪಲಿ ಒಂದು ತೆಗೆದುಕೊಡೇ."