ಲೆ ಹಾವ್ರ್ ತಲುಪದ ಕಂಟೇನರ್

ಸೀನ್ ನದಿ ಕಡಲು ಸೇರುವಲ್ಲಿ ಫ್ರಾನ್ಸಿನ ಲೆ ಹಾವ್ರ್ ಬಂದರಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಈಸ್ಟ್ ತಮಾಕಿಯ ಸರಕು ಸಾಗಣೆ ಕಚೇರಿಯಲ್ಲಿ ಕೂತು ಹನ್ನೊಂದು ವರ್ಷ ಆ ಊರಿಗೆ ಕುರಿಮಾಂಸದ ಕಂಟೇನರ್ ಕಳಿಸಿದ ಧಾರವಾಡದ ಲಿಂಗರಾಜ ಮಾಂಸ ಮುಟ್ಟಿದವನಲ್ಲ, ಆ ಊರು ಕಂಡವನೂ ಅಲ್ಲ. ಒಂದೇ ಒಂದು ಕಂಟೇನರೂ ತಪ್ಪಿಸಿಲ್ಲವೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದ, ಪುಣ್ಯಾತ್ಮ.

2015ರ ಫೆಬ್ರುವರಿಯ ಒಂದು ಶುಕ್ರವಾರ, ಈಸ್ಟರ್ ಹಬ್ಬದ ಸರಕಿನ ಕಾಗದಪತ್ರ ಹನ್ನೆರಡರೊಳಗೆ ಹಡಗಿನ ಕಂಪನಿಗೆ ಹೋಗಬೇಕಿತ್ತು. ಮೈಸೂರಿನ ಕೃಪಾ, ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗಿ, ಹತ್ತೂವರೆಗೇ ಎಲ್ಲ ತುಂಬಿ ಇನ್ನೇನು ಕಳಿಸಬೇಕು, ಲಿಂಗರಾಜ ತಡೆದ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಬೆಂಗಳೂರಿನಲ್ಲಿ ಅಚ್ಚಾದ ಕ್ಯಾಲೆಂಡರು ಆಕ್ಲೆಂಡಿನ ಸೂರ್ಯನಿಗೆ ಹೇಗೆ ಹೊಂದುತ್ತದೆಂದು ಅವನೆಂದೂ ಯೋಚಿಸಿದವನಲ್ಲ. ತಾನೇ ಕಳಿಸುತ್ತೇನೆಂದು ಅವಳನ್ನು ಬೇರೆ ಕೆಲಸಕ್ಕೆ ಹಚ್ಚಿದ. ಹಡಗಿನವರು ಹತ್ತು ನಿಮಿಷ ವಿನಾಯಿತಿ ಕೊಡುವುದು ರೂಢಿ. ಅಂದು ಕೊಡಲಿಲ್ಲ. ಹನ್ನೆರಡು ಗಂಟೆ ಎರಡು ನಿಮಿಷಕ್ಕೆ ಕಂಪ್ಯೂಟರಿನಲ್ಲಿ ಕಳಿಸುವ ಗುಂಡಿ ಒತ್ತಿದರೆ, ಸಮಯ ಮೀರಿದೆ ಅಂತ ಬಂತು. ಕಂಟೇನರ್ ಆ ಹಡಗು ಹತ್ತಲಿಲ್ಲ, ಮುಂದಿನ ಹಡಗು ತಲುಪುವುದು ಹಬ್ಬ ಕಳೆದ ಮೇಲೆ.

ಲೆ ಹಾವ್ರ್‌ನ ವ್ಯಾಪಾರಿ ಫೋನಿನಲ್ಲಿ ಕೂಗಾಡಿದ, ಹಬ್ಬ ಮುಗಿದ ಮೇಲೆ ಮಾಂಸ ಯಾರಿಗೆ ಬೇಕು ಅಂತ. ಫೈಲಿನ ಮೇಲಿದ್ದದ್ದು ಕೃಪಾಳ ಹೆಸರು. ಕಾರಣ ಹೇಳದೆ ತೆಗೆಯಬಹುದಾದ ತೊಂಬತ್ತು ದಿನದ ಟ್ರಯಲ್‌ನಲ್ಲಿದ್ದವಳು, ಕೆಲಸ ಹೋದರೆ ವೀಸಾವೂ ಹೋದಂತೆಯೇ. ಅದು ಗೊತ್ತಿದ್ದೂ ಲಿಂಗರಾಜ ಬಾಯಿಗೆ ಬೀಗ ಹಾಕಿಕೊಂಡ. ರಾಹುಕಾಲ ಅಂದರೆ ಮ್ಯಾನೇಜರ್ ನಕ್ಕಾರೆಂಬ ನಾಚಿಕೆ ಮೊದಲು, ಆಮೇಲೆ ಬರೀ ಹೆದರಿಕೆ. ಮನೆಯಲ್ಲಿ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದ. ಹೆಂಡತಿ ಭಾನುಮತಿ ವಿಚಾರಿಸಿದರೆ ಅಸಿಡಿಟಿ ಅಂದ. ನಾಳೆ ಹೇಳೋಣ, ನಾಳೆ ಹೇಳೋಣ ಅನ್ನುತ್ತ ಬುಧವಾರ ಬಂತು, ಕೃಪಾಳ ಕೈಗೆ ಕೆಲಸ ಬಿಡಿಸಿದ ಪತ್ರವೂ ಬಂತು. ಥೂ ನನ್ನ ಜನ್ಮಕ್ಕಿಷ್ಟು ಅಂದುಕೊಂಡ.

ಸಂಜೆ ಬಸ್ ಸ್ಟಾಪಿಗೆ ಅವಳ ಹಿಂದೆಯೇ ಓಡಿದ.

"ತಪ್ಪು ನಿಂದಲ್ಲವ್ವಾ, ನಂದು. ರಾಹುಕಾಲ ಮುಗೀಲಿ ಅಂತ ಕುಂತಿದ್ದೆ. ನಾಳೆ ಮ್ಯಾನೇಜರ್ ಮುಂದ ಹೇಳ್ತೀನಿ."

"ಗೊತ್ತು ಅಂಕಲ್. ದೊಡ್ಡೋರು, ನೀವೇ ಹೇಳ್ತೀರಾ ಅಂತ ಸುಮ್ನಿದ್ದೆ," ಎಂದಳು ಕೃಪಾ. ದೂರದಲ್ಲಿ ಬಸ್ಸು ಕಾಣಿಸಿತು. "ಮ್ಯಾನೇಜರ್ ಇನ್ನೂ ಒಳಗೇ ಇದಾರೆ."

ಬಸ್ಸು ಹೊರಟ ಮೇಲೆ ಲಿಂಗರಾಜ ಕಾಲೆಳೆದುಕೊಂಡು ಕಚೇರಿಗೆ ವಾಪಸು ಹೋದ. ರಾಹುಕಾಲವೂ ಸೇರಿ ಎಲ್ಲ ಹೇಳಿದ. ಮ್ಯಾನೇಜರ್ ನಗಲಿಲ್ಲ. ಅಲ್ಲೇ ಕೃಪಾಳಿಗೆ ಫೋನ್ ಮಾಡಿ, ಕ್ಷಮೆ ಕೇಳಿ, ಬೆಳಿಗ್ಗೆ ಕೆಲಸಕ್ಕೆ ಬಾ ಎಂದರು. ಫೋನಿಟ್ಟು ಲಿಂಗರಾಜನ ಕಡೆ ತಿರುಗಿ, ಐದು ದಿನ ಯಾಕೆ ಸುಮ್ಮನಿದ್ದೆ ಎಂದಷ್ಟೇ ಕೇಳಿದರು.