ಅಕ್ಕಿ ಅಗಿದವರು

ಪಾರಿಶ್ವಾಡದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಮಾಯಕ್ಕನ ಕಸಬರಿಗೆಯ ಸಪ್ಪಳದಿಂದ. ಆಕೆ ಕುರಿ ಕಾಯುವವರ ಹೆಣ್ಣುಮಗಳು. ಗಂಡ ಸಿದರಾಯ ವರ್ಷದ ಎಂಟು ತಿಂಗಳು ಹಿಂಡು ಹೊಡೆದುಕೊಂಡು ಊರೂರು ತಿರುಗುವವನು. ಹತ್ತು ವರ್ಷದವಳಿದ್ದಾಗ ನಮ್ಮ ಮನೆಯ ಕೆಲಸಕ್ಕೆ ಬಂದ ಮಾಯಕ್ಕ ಮುಂದೆ ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದಳು. ಬೆಣ್ಣೆಯ ಗಡಿಗೆ ಎಲ್ಲಿದೆ, ಟ್ರಂಕಿನ ಕೀಲಿ ಯಾವ ಮೊಳೆಗೆ ತೂಗುತ್ತದೆ ಎಂಬುದು ನನ್ನ ಅವ್ವ ಶಿವಬಸವ್ವನಿಗಿಂತ ಆಕೆಗೇ ಹೆಚ್ಚು ಗೊತ್ತಿತ್ತು. ಬಂದವರೆದುರು ಅವ್ವ, "ಈಕಿ ನಮ್ಮ ಮಾಯಕ್ಕ, ಮನಿ ಮಗಳಿದ್ದಂಗ" ಎನ್ನುತ್ತಿದ್ದಳು. ಆ ಮಾತನ್ನು ನಾವೆಲ್ಲ ನಂಬಿದ್ದೆವು. ಅದು ಎಷ್ಟು ದಿನ ಬಾಳಿತೆಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

೧೯೭೮ರ ಮಳೆಗಾಲ. ನಾನು ಬೆಳಗಾವಿಯ ಶಿವಬಸವ ನಗರದಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಶಿಕ್ಷಕಿಯ ತರಬೇತಿ ಪಡೆಯುತ್ತಿದ್ದೆ. ಅಣ್ಣನ ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಊರಿಗೆ ಬಂದಿದ್ದೆ. ಮನೆ ತುಂಬ ಬೀಗರು, ನೆಂಟರು. ನಮ್ಮ ಆಯಿ, ಎಂದರೆ ಅಪ್ಪನ ತಾಯಿ ಬಾಳವ್ವ, ತನ್ನ ಕೊರಳಿನ ಚಿನ್ನದ ಗುಂಡುಗಳ ಬೋರಮಾಳ ಸರವನ್ನು ಬಿಚ್ಚಿ ಕೂಸಿನ ಕೊರಳಿಗೆ ಹಾಕಿ ಜೋಗುಳ ಹಾಡಿದಳು. ಸಂಜೆ ಬೀಗರು ಖಾನಾಪುರದ ಬಸ್ಸು ಹತ್ತಿ ಹೋದ ಮೇಲೆ ನೋಡಿದರೆ ಸರವಿಲ್ಲ. ತೊಟ್ಟಿಲಲ್ಲಿಲ್ಲ, ದೇವರ ಕೋಣೆಯಲ್ಲಿಲ್ಲ, ಕಸದ ಬುಟ್ಟಿಯಲ್ಲೂ ಇಲ್ಲ.

ಮೂರು ದಿನ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ. ತನ್ನ ತವರಿನವರ ಮೇಲೆ ಅವ್ವನಿಗೆ ಅನುಮಾನವೆಂದು ಅಣ್ಣನ ಹೆಂಡತಿ, ನಮ್ಮ ವೈನಿ ಗೌರವ್ವ ಒಳಗೊಳಗೇ ಅಳುತ್ತಿದ್ದಳು. ಚಿಕ್ಕಪ್ಪ ಎರಡು ಸಲ ಅಟ್ಟ ಹತ್ತಿದ್ದನ್ನು ಅಣ್ಣ ಎಣಿಸಿಟ್ಟಿದ್ದ. ಒಬ್ಬರು ಒಳಕೋಣೆಗೆ ಹೋದರೆ ಏನೋ ನೆಪ ಮಾಡಿಕೊಂಡು ಮತ್ತೊಬ್ಬರು ಹಿಂದೆಯೇ ಹೋಗುವರು. ಆಯಿ ನನ್ನ ಚೀಲದ ಕಡೆಗೂ ನೋಡಿದ್ದನ್ನು ನಾನು ಕಂಡೆ.

ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಯಾರೋ ಅಂದರು: "ನಾವೆಲ್ಲಾರೂ ಮನ್ಯಾಗಿನವರಽ. ಹೊರಗಿನವರಂದ್ರ ಆಕಿ ಒಬ್ಬಾಕಿ."

ಆ ಮಾತು ಯಾರ ಬಾಯಿಂದ ಬಂತೆಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಯಾರಿಗೂ ನೆನಪಿಲ್ಲ. ಆದರೆ ಅದು ಬಂದ ಮೇಲೆ ಎಲ್ಲರ ಎದೆ ಹಗುರಾಯಿತು. ಅವ್ವ ವೈನಿಯ ತಟ್ಟೆಗೆ ತುಪ್ಪ ಬಡಿಸಿದಳು. ಅಣ್ಣ ಚಿಕ್ಕಪ್ಪನ ಜೊತೆ ಮಾತಾಡಿದ. ಹಿತ್ತಲಲ್ಲಿ ಮಾಯಕ್ಕ ಪಾತ್ರೆ ತಿಕ್ಕುತ್ತಿದ್ದಳು.

ಅಪ್ಪ ತಮ್ಮಣ್ಣ ಊರಿನಲ್ಲಿ ನಾಲ್ಕು ಮಂದಿಗೆ ನ್ಯಾಯ ಹೇಳುವ ಹಿರಿಯ. "ಸುಮ್ಮನ ಯಾರ ಮ್ಯಾಲೂ ಹೊರಸೂದು ಬ್ಯಾಡ. ಈರಯ್ಯನವರನ್ನ ಕರಸ್ತೀನಿ. ಎಲ್ಲಾರೂ ಅಕ್ಕಿ ಅಗೀರಿ" ಎಂದ.

ನಮ್ಮ ಕಡೆ ಕಳವು ಹಿಡಿಯುವ ಪದ್ಧತಿ ಇದು. ಮಂತ್ರ ಬಲ್ಲ ಈರಯ್ಯನವರಂಥ ಅಯ್ಯನವರು ಮಂತ್ರಿಸಿದ ಅಕ್ಕಿಯನ್ನು ಒಬ್ಬೊಬ್ಬರಿಗೂ ಚಿಟಿಕೆಯಷ್ಟು ಕೊಡುತ್ತಾರೆ. ಅಗಿದು ಎಲೆಯ ಮೇಲೆ ಉಗುಳಬೇಕು. ಯಾರ ಅಕ್ಕಿ ಒದ್ದೆಯಾಗದೆ ಒಣ ಹಿಟ್ಟಾಗಿ ಬೀಳುತ್ತದೋ ಅವರೇ ಕಳ್ಳರು.

"ಅಪ್ಪಾ, ಅಂಜಿದವರ ಬಾಯಿ ಒಣಗೇ ಒಣಗತೈತಿ. ನನಗ ಪರೀಕ್ಷಾದಾಗ ಒಣಗತೈತಿ. ಈ ಅಕ್ಕಿ ಕಳ್ಳರನ್ನ ಹಿಡಿಯೂದಿಲ್ಲ, ಅಂಜಿದವರನ್ನ ಹಿಡೀತೈತಿ" ಎಂದೆ.

"ತಪ್ಪು ಮಾಡದವರು ಯಾಕ ಅಂಜಬೇಕು?"

"ಎಲ್ಲಾರೂ ತನ್ನನ್ನಽ ನೋಡಾಕತ್ತಾರಂತ ಗೊತ್ತಾದ್ರ ಯಾರಾದ್ರೂ ಅಂಜತಾರ. ಬಸವಣ್ಣನವರ ಹೆಸರು ಹೇಳೂ ಮನಿ ನಮ್ಮದು, ಇಂಥಾದ್ದು ಯಾಕ ಬೇಕು?"

ಅಪ್ಪ ಸಿಟ್ಟಾಗಲಿಲ್ಲ. ಅದೇ ನನಗೆ ಕಷ್ಟವಾಯಿತು. "ನಮ್ಮಪ್ಪ ನಂಬಿದ್ದ, ಅವರಪ್ಪ ನಂಬಿದ್ದ. ಸುತ್ತ ಹತ್ತೂರ ಮಂದಿ ನಂಬತಾರ. ಅವರೆಲ್ಲಾ ಖೂಳರು, ನೀ ಒಬ್ಬಾಕಿ ಶಾಣ್ಯಾಕಿ ಏನವಾ?" ಎಂದು ಮೆಲ್ಲಗೆ ಕೇಳಿದ. ಮನೆಯವರೆಲ್ಲ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿ ಅನ್ನ ಕಲಸಿದೆ.

ಮರುದಿನ ಮುಂಜಾನೆ ಅಂಗಳದಲ್ಲಿ ಹನ್ನೊಂದು ಮಂದಿ ಸಾಲಾಗಿ ನಿಂತೆವು. ಓಣಿಯವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಈರಯ್ಯನವರು ಅಪ್ಪನಿಂದ ಶುರುಮಾಡಿದರು. ಮಾಯಕ್ಕನದು ಕೊನೆಯ ಪಾಳಿ. ನನ್ನ ಸರದಿ ಬಂದಾಗ ನಾಲಗೆ ಅಂಗುಳಿಗೆ ಅಂಟಿಕೊಂಡಿತ್ತು. ಅಕ್ಕಿ ಮರಳಿನ ಹಾಗೆ ಹಲ್ಲಿನಡಿ ಕರಕರ ಎಂದಿತು. ಹೆದರಿ ತುಟಿಯ ಒಳಮಗ್ಗುಲನ್ನು ಜೋರಾಗಿ ಕಚ್ಚಿಕೊಂಡೆ. ಬಾಯಿಯಲ್ಲಿ ರಕ್ತದ ರುಚಿ ಬಂತು, ಅಕ್ಕಿ ಒದ್ದೆಯಾಯಿತು. ಎಲೆಯ ಮೇಲೆ ಉಗುಳಿದ್ದು ಕೆಂಪಗಿತ್ತು. ಈರಯ್ಯನವರು ಅದನ್ನು ನೋಡಲೇ ಇಲ್ಲ. ಮನೆಯವರ ಎಲೆಗಳನ್ನು ದಾಟಿ ಅವರ ಕಣ್ಣು ಆಗಲೇ ಸಾಲಿನ ತುದಿಗೆ ಹೋಗಿತ್ತು.

ಮಾಯಕ್ಕ ಬಹಳ ಹೊತ್ತು ಅಗಿದಳು. ಓಣಿಯ ಮಂದಿ ಕಟ್ಟೆಯಿಂದ ಇಳಿದು ಹತ್ತಿರ ಬಂದರು. ಕೊನೆಗೆ ಆಕೆ ಬಗ್ಗಿ ಉಗುಳಿದಾಗ ಎಲೆಯ ಮೇಲೆ ಬಿಳಿಯ ಹಿಟ್ಟು ಉದುರಿತು.

ಆಕೆಯ ಪಕ್ಕದಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಅವರು ಸರಿದರೆಂದು ಮತ್ತೊಬ್ಬರು. ನನ್ನ ಕಾಲೂ ಹಿಂದಕ್ಕೆ ಹೋಯಿತು. ನನ್ನನ್ನು ಯಾರೂ ಎಳೆಯಲಿಲ್ಲ.

ಅದೇ ವಾರ ಮಾಯಕ್ಕನ ಕುಲದವರ ದೈವ, ಎಂದರೆ ಹಿರಿಯರ ಸಭೆ, ಬೀರದೇವರ ಗುಡಿಯ ಮುಂದೆ ಕೂಡಿತು. ಮುಖ್ಯಸ್ಥ ಲಕ್ಷ್ಮಪ್ಪ ತೀರ್ಮಾನ ಹೇಳಿದ: ಕದ್ದದ್ದನ್ನು ಒಪ್ಪಿಕೊಂಡು ತಿರುಗಿ ಕೊಡುವವರೆಗೆ ಆ ಮನೆಯವರಿಗೆ ಯಾರೂ ಬೆಂಕಿ, ನೀರು ಕೊಡಬಾರದು. ಮಾಯಕ್ಕನ ಮಗಳು ಹದಿನೆಂಟರ ಕಾಡವ್ವನಿಗೆ ನಂದಗಡದ ಕಡೆ ಗೊತ್ತಾಗಿದ್ದ ಸಂಬಂಧ ಎಂಟು ದಿನದಲ್ಲಿ ಮುರಿಯಿತು. ನಾನು ಬೆಳಗಾವಿಗೆ ತಿರುಗಿ ಹೋದೆ. ತುಟಿಯ ಗಾಯ ಮಾಯಿತು.

ದಸರೆಯ ಸೂಟಿಗೆ ಬಂದಾಗ ಮಾಯಕ್ಕನನ್ನು ದೂರದಿಂದ ಕಂಡೆ. ಓಣಿಯಲ್ಲಿ ಗೋಡೆಗೆ ಉಜ್ಜಿಕೊಂಡು ನಡೆಯುತ್ತಿದ್ದಳು. ಜನ ಕಂಡರೆ ತಿರುಗಿ ಬೇರೆ ಹಾದಿ ಹಿಡಿಯುವಳು. ಬಾವಿಗೆ ಯಾರೂ ಇಲ್ಲದ ಉರಿಬಿಸಿಲಿನಲ್ಲಿ ಬರುವಳು. "ನೋಡ್ರಿ ಹ್ಯಾಂಗ ಅಡಗತಾಳ. ಕಳವು ಮಾಡದಾಕಿ ಹಿಂಗ ಅಡ್ಡಾಡತಾಳೇನು?" ಎಂದು ಹೆಂಗಸರು ಅನ್ನುತ್ತಿದ್ದರು. ಅಡಗುವ ಹಾಗೆ ಮಾಡಿದವರು ತಾವೇ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಆಕೆಯ ಮನೆಗೆ ಹೋದೆ. ಒಲೆಯನ್ನು ಕಿತ್ತು ಅದರ ಕೆಳಗಿನ ನೆಲವನ್ನು ಅಗೆದು ಹಾಕಿದ್ದಳು.

"ಏನ್ ಹುಡಕಾಕತ್ತಿ, ಮಾಯಕ್ಕಾ?"

"ಬೋರಮಾಳ, ಕಾಂತವ್ವಾ. ಹಿತ್ತಲೆಲ್ಲಾ ನೋಡೀನಿ. ಎಲ್ಲಿ ಇಟ್ಟೀನೋ ನೆನಪಿಗೆ ಬರವಲ್ದು."

"ನೀ ತಗೊಂಡಿಲ್ಲ."

ಆಕೆ ಕೈಯ ಮಣ್ಣು ಕೊಡವಿ ನನ್ನನ್ನು ಕನಿಕರದಿಂದ ನೋಡಿದಳು. "ನಾನೂ ಮದಲ ಹಂಗಽ ಅಂದ್ಕೊಂಡಿದ್ದೆ. ಆದ್ರ ಇಷ್ಟು ಮಂದಿ ಸುಳ್ಳ ಹೇಳತಾರೇನವ್ವಾ? ನಿಮ್ಮಪ್ಪ, ನಮ್ಮ ದೈವ, ಅಯ್ಯನವರು. ಬಾಯಿ ಒಣಗಿದ್ದಂತೂ ಖರೇ ಅಲ್ಲ? ಅದು ನನ್ನ ಬಾಯೀನಽ ಅಲ್ಲ?"

ಮೂಲೆಯಲ್ಲಿ ಕಾಡವ್ವ ಮೊಣಕಾಲ ಮೇಲೆ ಗದ್ದವಿಟ್ಟು ಕುಳಿತಿದ್ದಳು. "ಮೊನ್ನೆ ದೈವದ ಮುಂದ ಒಪ್ಪಿಕೊಂಡು ಬಂದಾಳ್ರಿ. ಸಾಮಾನು ಕೊಡೂ ಮಟಾ ಕುಲದಾಗ ತಗೊಳ್ಳೂದಿಲ್ಲ ಅಂದಾರ. ಅಪ್ಪ ಕುರಿ ಹೊಡಕೊಂಡು ಹೋದಾಂವ ಬಂದಿಲ್ಲ" ಎಂದಳು.

ಆಗಲೂ ನಾನು ನನ್ನ ರಕ್ತದ ಸಂಗತಿ ಹೇಳಲಿಲ್ಲ. ಅಪ್ಪನ ಮಗಳಲ್ಲವೇ, ಮನೆಯವಳಲ್ಲವೇ ಎಂದು ಬಾಯಿ ಕಟ್ಟಿಕೊಂಡೆ. ಅಂಗಳದಲ್ಲಿ ಇಟ್ಟ ಆ ಒಂದು ಹೆಜ್ಜೆ ಇನ್ನೂ ಹಿಂದೆ ಹಿಂದೆ ಹೋಗುತ್ತಲೇ ಇತ್ತು.

ಶಿವರಾತ್ರಿಯ ಸೂಟಿಯಲ್ಲಿ ಊರಿಗೆ ಬಂದಾಗ ಮನೆಯಲ್ಲಿ ಎಲ್ಲರೂ ಮಠಕ್ಕೆ ಹೋದಂತಿತ್ತು. ಅಡುಗೆಮನೆಯ ಹಿಂದಿನ ಸಾಮಾನಿನ ಕೋಣೆಯ ಕದ ಅಗುಳಿ ಹಾಕದೆ ಮುಚ್ಚಿತ್ತು. ದೂಡಿದೆ. ಅವ್ವ ಕೂಸಿನ ತೊಟ್ಟಿಲ ಕೌದಿಯನ್ನು ಹೊಲಿಯುತ್ತ ಕುಳಿತಿದ್ದಳು. ನನ್ನನ್ನು ಕಂಡು ಕೌದಿಯನ್ನು ತೊಡೆಯ ಕೆಳಗೆ ತಳ್ಳಿದ ರೀತಿಯೇ ಬೇರೆ ಇತ್ತು. ಕೈಹಾಕಿ ಎಳೆದೆ. ಹರಿದ ಒಳಪದರಿನಲ್ಲಿ ಬೋರಮಾಳದ ಗುಂಡುಗಳು ಕೈಗೆ ಹತ್ತಿದವು. ಕೂಸಿನ ಕೊರಳಿನಿಂದ ಜಾರಿ ಒಳಗೆ ಇಳಿದಿತ್ತು, ಅಷ್ಟೇ.

"ಯಾವಾಗ ಸಿಕ್ಕಿತು?"

"ದೀಪಾವಳಿ ಮುಂದ ಒಗ್ಯಾಕ ಹಾಕಿದಾಗ." ಅವ್ವನ ದನಿ ಇಳಿದಿತ್ತು.

"ಮೂರು ತಿಂಗಳ ಮ್ಯಾಲಾತು. ಯಾರಿಗೂ ಹೇಳಲಿಲ್ಲಾ?"

"ಹ್ಯಾಂಗ ಹೇಳಲಿ? ನಿಮ್ಮಪ್ಪ ಹತ್ತು ಮಂದಿ ಮುಂದ ಅಕ್ಕಿ ಕೊಡಿಸ್ಯಾನ. ನಾಳೆ ಅಂವ ಯಾವ ಮುಖಾ ಇಟಗೊಂಡು ನ್ಯಾಯಕ್ಕ ಕುಂದರಬೇಕು? ಆಕಿ ಹ್ಯಾಂಗೂ ಒಪ್ಪಿಕೊಂಡಾಳ." ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, "ದಿನಾ ತಗದು ನೋಡತೀನವ್ವಾ. ಮತ್ತ ಹೊಲಿದಿಡತೀನಿ" ಎಂದಳು.

ಅವ್ವ ಕೆಟ್ಟವಳಲ್ಲ. ಆಕೆಯನ್ನು ಬೈಯುವ ಯೋಗ್ಯತೆಯೂ ನನಗಿರಲಿಲ್ಲ. ಆಕೆ ಹೊಲಿದು ಮುಚ್ಚಿದ್ದಳು, ನಾನು ಮಾತು ನುಂಗಿ ಮುಚ್ಚಿದ್ದೆ.

ಮರುದಿನ ಅಮಾವಾಸ್ಯೆ, ದೈವ ಕೂಡುವ ದಿನ. ಊರ ಹಿರಿಯರೆಂದು ಅಪ್ಪನೂ ಈರಯ್ಯನವರೂ ಅಲ್ಲಿ ಬಂದು ಕುಳಿತಿದ್ದರು. ನಮ್ಮ ಮನೆಯ ಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಸರವನ್ನು ಲಕ್ಷ್ಮಪ್ಪನ ಮುಂದಿಟ್ಟು, ಎಲ್ಲಿ ಸಿಕ್ಕಿತೆಂದು ಹೇಳಿದೆ.

ಅಪ್ಪನ ಮುಖ ಕಪ್ಪಿಟ್ಟಿತು. "ಕಾಂತಾ, ಮನೀಗೆ ನಡಿ" ಎಂದ.

"ಹೇಳಿ ನಡೀತೀನಪಾ."

ಈರಯ್ಯನವರು ಗಂಟಲು ಸರಿಮಾಡಿಕೊಂಡರು. "ಆಕಿ ತಾನಽ ಒಪ್ಪಿಕೊಂಡಾಳಲ್ಲವಾ. ಯಾರೂ ಬಡಿದಿಲ್ಲ, ಬೈದಿಲ್ಲ. ಮಾಡದ ತಪ್ಪು ಯಾರರ ಒಪ್ಪಿಕೊಳ್ತಾರೇನು?"

"ಒಪ್ಪಿಕೊಳ್ತಾರ್ರಿ, ಅಯ್ಯನವರ. ಊರೆಲ್ಲಾ ಕೂಡಿ ತಿಂಗಳಗಟ್ಟಲೆ ಕಳ್ಳಿ ಅಂದ್ರ, ಯಾರಾದ್ರೂ ಒಪ್ಪಿಕೊಳ್ತಾರ. ಅವತ್ತ ನನ್ನ ಬಾಯೀನೂ ಒಣಗಿತ್ತು. ತುಟಿ ಕಚ್ಚಿ ರಕ್ತದಿಂದ ಅಕ್ಕಿ ತೋಯಿಸಿದೆ. ನನ್ನ ಎಲಿ ಕೆಂಪಗಿತ್ತು, ನೀವು ನೋಡಲಿಲ್ಲ. ಮಾಯಕ್ಕಗ ಹಂಗ ಮೋಸ ಮಾಡಾಕ ಬರಲಿಲ್ಲ. ಆಕಿ ತಪ್ಪು ಅಷ್ಟಽ."

ಹಿಂದಿನಿಂದ ವೈನಿ ಗೌರವ್ವ ಸೆರಗು ಸರಿಮಾಡಿಕೊಳ್ಳುತ್ತ, "ನಂದೂ ಒಣಗಿತ್ರಿ. ನಾ ಉಗುಳಲಿಲ್ಲ, ಅರ್ಧಾ ನುಂಗಿದೆ" ಎಂದಳು. ಅಣ್ಣ ತಲೆ ತಗ್ಗಿಸಿ, "ನಂದೂ" ಎಂದ. ಅಪ್ಪ ಇಬ್ಬರನ್ನೂ ನೋಡಿದ. ಆಮೇಲೆ ಎದ್ದು, ಹೆಗಲ ವಸ್ತ್ರವನ್ನು ಅಲ್ಲೇ ಮರೆತು ಹೊರಟುಹೋದ. ಅಂದಿನಿಂದ ಆತ ನ್ಯಾಯಕ್ಕೆ ಕೂರಲಿಲ್ಲ. ನಮ್ಮೂರಿನಲ್ಲಿ ಮತ್ತೆ ಯಾರೂ ಅಕ್ಕಿ ಕೊಡಿಸಲಿಲ್ಲ. ಈರಯ್ಯನವರನ್ನು ಬೇರೆ ಊರಿನವರು ಇನ್ನೂ ಕರೆಸುತ್ತಾರೆಂದು ಕೇಳುತ್ತೇನೆ.

ಲಕ್ಷ್ಮಪ್ಪ ಮಾಯಕ್ಕನನ್ನು ಕರೆಸಿದ. "ತಪ್ಪಾತವ್ವಾ. ಕುಲದಾಗ ತಗೊಂಡೀವಿ" ಎಂದ. ಆಕೆ ಸರದ ಮುಂದೆ ಕುಳಿತು ಒಂದೊಂದೇ ಗುಂಡನ್ನು ಮುಟ್ಟಿ ನೋಡಿದಳು.

"ಹೌದು, ಇದು ಆಯೀದಽ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾದ್ರ ನಾ ಒಯ್ದದ್ದು ಎಲ್ಲಿ ಹೋತು, ಕಾಂತವ್ವಾ?" ಎಂದು ಕೇಳಿದಳು.

ಒಂದು ಮುಂಜಾನೆಯಲ್ಲಿ ಕಿತ್ತುಕೊಂಡದ್ದನ್ನು ತಿರುಗಿ ಕೊಡುವ ಶಕ್ತಿ ಆ ಸಭೆಗೆ ಇರಲಿಲ್ಲ.

ಹದಿನೈದು ದಿನದಲ್ಲಿ ಸಿದರಾಯ ಹಿಂಡಿನೊಂದಿಗೆ ಮರಳಿದ. ನಂದಗಡದವರು ತಿರುಗಿ ಹೇಳಿ ಕಳಿಸಿದರು: ಸಂಬಂಧಕ್ಕೆ ತಮ್ಮದೇನೂ ಅಡ್ಡಿಯಿಲ್ಲ. ಹಿರಿಯರೆಲ್ಲ ಬಂದು ಕುಳಿತರು. ಕಾಡವ್ವ ಬಾಗಿಲಲ್ಲಿ ನಿಂತು ಹೇಳಿದಳು: "ಅವತ್ತ ಹತ್ತು ಮಂದಿ ಬ್ಯಾಡಂದ್ರಂತ ಬಿಟ್ರು. ಇವತ್ತ ಹತ್ತು ಮಂದಿ ಹೂಂ ಅಂದ್ರಂತ ಬಂದಾರ. ನಾಳೆ ಮತ್ತೇನರ ಅಂದ್ರ? ಒಬ್ಬರರ ಬಂದು ನಮ್ಮವ್ವನ್ನ ಕೇಳಿದ್ರೇನು? ನಾ ಒಲ್ಲೆ."

"ಹೆಣ್ಣುಮಗಳು ಹಿಂಗ ಮಾತಾಡಿದ್ರ ಮುಂದ ಯಾರೂ ಕೇಳಾಕ ಬರೂದಿಲ್ಲ" ಎಂದ ಲಕ್ಷ್ಮಪ್ಪ.

"ಬರದಿದ್ರ ಇರಲಿ, ಕಾಕಾ. ದುಡಿದು ತಿಂತೀನಿ."

ಆಕೆ ಏಳನೆಯ ಇಯತ್ತೆಗೆ ಸಾಲೆ ಬಿಟ್ಟಿದ್ದಳು. ಆ ಬೇಸಿಗೆ ನನ್ನ ಜೊತೆ ಬೆಳಗಾವಿಗೆ ಬಂದು ಮತ್ತೆ ಪುಸ್ತಕ ಹಿಡಿದಳು. ಸಿದರಾಯ ಹಿಂಡಿನೊಂದಿಗೆ ಹೋದ ತಿಂಗಳುಗಳಲ್ಲಿ ಮಾಯಕ್ಕನೂ ನಮ್ಮಲ್ಲಿಗೇ ಬಂದಿರತೊಡಗಿದಳು.

ಈಗ ೧೯೮೫. ನಾನು ಶಿಕ್ಷಕಿ. ಕಾಡವ್ವ ದಾದಿಯ ತರಬೇತಿ ಮುಗಿಸಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಶಿವಬಸವ ನಗರದ ಎರಡು ಕೋಣೆಯ ಬಾಡಿಗೆಮನೆಯಲ್ಲಿ ಮೂವರೂ ಇರುತ್ತೇವೆ. ಮಾಯಕ್ಕ ಸಂತೆಗೆ ಹೋಗುತ್ತಾಳೆ, ಓಣಿಯ ಮರಾಠಿ ಹೆಂಗಸರೊಂದಿಗೆ ಅರ್ಧಂಬರ್ಧ ಮರಾಠಿ ಮಾತಾಡಿ ನಗುತ್ತಾಳೆ. ಆದರೆ ಹೊಸ್ತಿಲು ದಾಟುವ ಮುನ್ನ ಪ್ರತಿಸಲವೂ ನನ್ನೆದುರು ನಿಂತು, ಎರಡೂ ಅಂಗೈ ಬಿಚ್ಚಿ, ಸೆರಗು ಕೊಡವಿ ತೋರಿಸುತ್ತಾಳೆ. "ನೋಡವ್ವಾ, ಏನೂ ಇಲ್ಲ" ಎನ್ನುತ್ತಾಳೆ. ಬೇಡವೆಂದು ಎಷ್ಟು ಹೇಳಿದರೂ ಕೇಳಿಲ್ಲ.

ಹಾಗಾಗಿ ಒಂದು ವರ್ಷದಿಂದ ನಾನೂ ಸಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಆಕೆಗೆ ನನ್ನ ಅಂಗೈ ಬಿಚ್ಚಿ ತೋರಿಸುತ್ತೇನೆ. ಆಕೆ ನನ್ನ ಕೈಗಳನ್ನು ನೋಡುವುದೇ ಇಲ್ಲ. "ಹೊತ್ತಾತು, ಹೋಗು" ಎಂದು ನನ್ನ ಚೀಲಕ್ಕೆ ರೊಟ್ಟಿಯ ಗಂಟು ಇಡುತ್ತಾಳೆ.