ಯಾವ ಕಾಮಣಿ ಹೋಯಿತು?

2022ರ ಆಗಸ್ಟ್, ಬೆಳಗಿನ ಆರು ಗಂಟೆ. ಹನಮಪ್ಪನ ಕಣ್ಣುಗಳು ಕಾಮಾಲೆಯಿಂದ ಹಳದಿಯಾಗಿದ್ದವು.

ಬೇವೂರಿನ ಹನಮಪ್ಪನ ಎರಡೂ ಕಿಡ್ನಿ ಕೆಟ್ಟಿದ್ದವು. ಅಂದು ಡಯಾಲಿಸಿಸ್ ಸರದಿ. ಹೆಂಡತಿ ಶರಣಬಸಮ್ಮ ಬಸ್ಸಿಗೆ ಹೊರಟರೆ, ತಾಯಿ ಹಂಪವ್ವ ಅಡ್ಡ ನಿಂತಳು.

“ಕಾಮಣಿಗೆ ದವಾಖಾನಿ ಔಷಧ ಹತ್ತಂಗಿಲ್ಲ. ಎಲಿ ಔಷಧ ಕುಡಿಸು, ಪಥ್ಯ ಹಿಡಿಸು.”

“ನಿನ್ನಿ ಕುಡಿಸಿದ್ದೆಲ್ಲಾ ವಾಂತಿ ಆತಲ್ಲ, ಅತ್ತಿ. ಬರೂದಿದ್ರ ನೀವೂ ಬರ್ರಿ.”

ಮೂವರೂ ಹೋದರು. ಡಯಾಲಿಸಿಸ್ ಕೇಂದ್ರದ ನರ್ಸ್ ಹಸೀನಾಬೇಗಂ ರೋಗಿಯ ಕಣ್ಣು ನೋಡಿದವರೇ ಕೇಳಿದರು: “ಗುಳಿಗಿ ದಿನಾ ತಗೋತಾರಿಲ್ರಿ?”

“ಯಾವ ಗುಳಿಗಿ, ಸಿಸ್ಟರ್? ಔಷಧ ಮುಗದ ಮ್ಯಾಲ ಕಾಮಣಿ ಹೋತು ಅಂತ ರಿಪೋರ್ಟ್ ಬಂತಲ್ರಿ. ಎಲ್ಲಾ ಬಿಟ್ಟೀವಿ,” ಎಂದಳು ಶರಣಬಸಮ್ಮ.

ಹಸೀನಾಬೇಗಂ ಫೈಲು ತೆಗೆದು ಆ ರಿಪೋರ್ಟ್ ನೋಡಿದರು.

“ಹೋಗಿದ್ದು ಹೆಪಟೈಟಿಸ್ ಸಿ, ಅವ್ವಾ. ಬಿ ಇನ್ನೂ ಮೈಯಾಗ ಐತಿ. ಅದಕ್ಕ ಅಲ್ಲೇನ್ರಿ ಇವರಿಗೆ ಮೂಲ್ಯಾಗ ಬ್ಯಾರೆ ಮಿಷನ್ ಕೊಟ್ಟಿದ್ದು?”

“ನನ್ನ ಮಾರಿ ನೋಡಲಾರದಕ್ಕ ಮೂಲಿಗೆ ಹಾಕ್ಯಾರ ಅನ್ಕೊಂಡಿದ್ದೆ,” ಎಂದ ಹನಮಪ್ಪ. ಹಸೀನಾಬೇಗಂ ಶರಣಬಸಮ್ಮನ ಕಡೆ ತಿರುಗಿದರು.

“ಎರಡಕ್ಕೂ ಕಾಮಣಿ ಅಂತೀವಿ, ಅದ ತಪ್ಪಾತು. ಹೊಲದಾಗ ಎರಡು ಕಸ ಇದ್ವು ಅನ್ರಿ. ಒಂದನ್ನ ಕಿತ್ತಿರಿ. ಜಾಗ ಸಿಕ್ಕಿದ್ದಕ್ಕ ಇನ್ನೊಂದು ಎದ್ದು ಬಂತು. ಬಿ ಗುಳಿಗಿ ಅದನ್ನ ತುಳಕೊಂಡಿತ್ತು, ಆ ಗುಳಿಗಿನೂ ಬಿಟ್ರಿ.”

“ಮತ್ತ ಚಾಲೂ ಮಾಡಿದ್ರ ನನ್ನ ಮಗ ಉಳಿತಾನೇನವ್ವಾ?” ಹಂಪವ್ವ ಕೇಳಿದಳು.

“ಡಾಕ್ಟರು ಇವತ್ತ ಚಾಲೂ ಮಾಡ್ತಾರ. ಲಿವರ್ ಎಷ್ಟು ಉಳದೈತಿ ಅಂತ ರಕ್ತ ನೋಡಿ ಹೇಳಬೇಕ್ರಿ. ನಾ ಸುಳ್ಳು ಹೇಳಂಗಿಲ್ಲ. ನೀವಿಬ್ಬರೂ ಪರೀಕ್ಷೆ ಮಾಡಿಸ್ರಿ. ಬಿ ಬಂದಿಲ್ಲಂದ್ರ ಲಸಿಕೆ ಐತಿ. ಸಿ ರೋಗಕ್ಕ ಲಸಿಕೆ ಇಲ್ಲ.”

ಹಂಪವ್ವ ಸೆರಗು ಸರಿಸಿ ಮೊದಲು ತಾನೇ ತೋಳು ಚಾಚಿದಳು. ಅತ್ತೆ ಸೊಸೆ ಇಬ್ಬರಿಗೂ ಸೋಂಕು ಇರಲಿಲ್ಲ. ಮೊದಲ ಲಸಿಕೆ ಹಾಕಿಸಿಕೊಂಡರು. ಹನಮಪ್ಪನನ್ನು ಅಂದೇ ಆಸ್ಪತ್ರೆಗೆ ಸೇರಿಸಲಾಯಿತು.

ನಿಮ್ಮ ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದರೆ ಬಿ ಮತ್ತು ಸಿ ಎರಡೂ ಪರೀಕ್ಷೆ ಆಗಿವೆಯೇ ಎಂದು ವಿಚಾರಿಸಿ. ರೋಗಿಗೂ ಮನೆಯವರಿಗೂ ಬಿ ಲಸಿಕೆಯ ಬಗ್ಗೆ ಕೇಳಿ. ರೇಜರು, ಬ್ರಷ್ಷು ಹಂಚಿಕೊಳ್ಳಬೇಡಿ. ಜೊತೆಗೆ ಕೂತು ಉಂಡರೆ ಈ ರೋಗ ಹರಡುವುದಿಲ್ಲ. ಕಾಮಣಿ ಹೋಯಿತು ಎಂದು ಕೇಳಿದಾಗ, ಯಾವುದು ಹೋಯಿತು ಎಂದು ಕೇಳಿ. ವೈದ್ಯರು ಹೇಳದೆ ಬಿ ಗುಳಿಗೆ ಒಂದು ದಿನವೂ ಬಿಡಬೇಡಿ.

ಒಂದು ತಿಂಗಳ ನಂತರದ ಶರಣಬಸಮ್ಮನ ಎರಡನೇ ಲಸಿಕೆಗೆ ಮೊದಲೇ, ಲಿವರ್ ಪೂರಾ ಕೆಟ್ಟು ಹನಮಪ್ಪ ತೀರಿಕೊಂಡ.